ಕುದುರೆ ಗಾಡಿಯ ಕೊಂಡಿ

"ಬೋಳಿಮಗನೆ, ಬೆಸುಗೆ ಹಾಕಿದೋನು ನೀನು, ಈಗ ನಿಲ್ಲಲ್ಲ ಅನ್ನೋನೂ ನೀನೇನಾ?" ಎಂದು ಯಜಮಾನ ಟ್ರೈಲರಿನ ಮೂತಿಗೆ ಬೂಟುಗಾಲಲ್ಲಿ ಒದ್ದ.

"ಹಾಕಿದೋನು ನಾನೇ ಯಜಮಾನ್ರೆ. ಈ ಕೊಂಡೀಲಿ ಒಂದೇ ಜಾಗಕ್ಕೆ ಮೂರು ಸಲ ಹಾಕಿದೀನಿ. ಅದಕ್ಕೇ ಹೇಳ್ತಿರೋದು, ನಿಲ್ಲಲ್ಲ" ಎಂದೆ ನಾನು.

ನಮ್ಮ ಕಲ್ಲುಕೋರೆಯ ಕೊಂಡಿ ಎಂದರೆ ಇಷ್ಟೇ. ಟ್ರೈಲರಿನ ಬಳೆಯನ್ನು ಟ್ರ್ಯಾಕ್ಟರಿನ ಬಾಯೊಳಗೆ ತೂರಿಸಿ, ಮೇಲಿಂದ ಒಂದು ಪಿನ್ನು ಇಳಿಬಿಡುವುದು. ಪಿನ್ನು ಮೇಲೆ ಹಾರದಂತೆ ಹಾಕುವ ಕ್ಲಿಪ್ಪು ಯಾವ ಕಾಲಕ್ಕೋ ಕಳೆದುಹೋಗಿದೆ. ಅಲ್ಲೊಂದು ತಂತಿ ಸುತ್ತಿದ್ದೇವೆ. ಆ ತಂತಿಯ ಭರವಸೆಯ ಮೇಲೆ ದಿನಾ ಬೆಳಿಗ್ಗೆ ಹನ್ನೆರಡು ಹೆಂಗಸರು ಟ್ರೈಲರಿನಲ್ಲಿ ಕೂತು ಇಳಿಜಾರು ಇಳಿಯುತ್ತಿದ್ದರು. ಹೋದ ವಾರ ಪಿನ್ನು ಹಾರಿ, ಟ್ರೈಲರ್ ತಾನೇ ದಾರಿ ಹಿಡಿದು ಬಂಡೆಗೆ ಗುದ್ದಿತು. ಅದರಲ್ಲಿದ್ದ ನಮ್ಮ ಚಿಕ್ಕಮ್ಮನ ಸೊಂಟ ಮುರಿಯಿತು. ಈಗ ಹನ್ನೊಂದು ಜನ. ಅವರಲ್ಲಿ ನಮ್ಮಕ್ಕನೂ ಒಬ್ಬಳು.

ಬೆಸುಗೆ ಹಾಕಿದಾಗಲೆಲ್ಲ ಯಜಮಾನ ಕೊಂಡಿಯನ್ನು ಪರೀಕ್ಷೆ ಮಾಡುವ ಕ್ರಮವೊಂದಿದೆ. ಹೆಂಗಸರನ್ನು ಹತ್ತಿಸಿ ಇಳಿಜಾರಲ್ಲಿ ಒಂದು ಸುತ್ತು ಹೊಡೆಸುತ್ತಾನೆ. ಚಪ್ಪಡಿ ತುಂಬಿ ನೋಡುವುದಿಲ್ಲ. ಚಪ್ಪಡಿ ಉರುಳಿದರೆ ಒಡೆದುಹೋಗುತ್ತದಲ್ಲ, ಪಾಪ.

ಚಿಕ್ಕಮ್ಮನ ಸೊಂಟದ ದೆಸೆಯಿಂದ ಅವತ್ತು ತಪಾಸಣೆಯ ಸಾಹೇಬರು ಬಂದಿದ್ದರು. ಬಂದವರನ್ನು ಯಜಮಾನ ನೇರವಾಗಿ ತನ್ನ ಜೀಪಿನ ಹಿಂದಕ್ಕೆ ಕರೆದೊಯ್ದ. ಅಲ್ಲಿ ಅವನ ಪಂದ್ಯದ ಕುದುರೆಯನ್ನು ಹೊತ್ತೊಯ್ಯುವ ಗಾಡಿ, ಕುದುರೆಯ ಸಮೇತ, ಜೀಪಿಗೆ ಸಿಕ್ಕಿಕೊಂಡು ನಿಂತಿತ್ತು. ಅದರ ಕೊಂಡಿಯ ವೈಭವ ನೋಡಬೇಕು. ಉಕ್ಕಿನ ಗುಂಡಿನ ಮೇಲೆ ಟೋಪಿಯ ಹಾಗೆ ಕೂರುವ ಬಟ್ಟಲು, ಬಟ್ಟಲಿಗೆ ಬೀಗ, ಬೀಗ ಬಿಚ್ಚಿಕೊಂಡರೆ ಹಿಡಿಯಲು ಅಡ್ಡಡ್ಡ ಎರಡು ಸರಪಳಿ, ಸರಪಳಿಯೂ ಕಿತ್ತರೆ ತಾನಾಗಿ ಬ್ರೇಕು ಬೀಳುವ ತಂತಿ. ಕುದುರೆ ಸಾಯಬೇಕೆಂದರೂ ಆ ಗಾಡಿಯಲ್ಲಿ ಸಾಯುವ ಹಾಗಿರಲಿಲ್ಲ.

ಸಾಹೇಬರು ಬಗ್ಗಿ ಗುಂಡು ಅಳೆದರು, ಸರಪಳಿ ಎಳೆದು ನೋಡಿದರು. "ಭದ್ರವಾಗಿದೆ" ಎಂದು ಬರೆದುಕೊಂಡರು. ಇಂಥ ತಿಪ್ಪೆ ಸಾರಿಸುವ ಕೆಲಸಕ್ಕೆ ಕನ್ನಡಕ ಬೇರೆ.

"ಸಾಹೇಬ್ರೆ, ನಾವು ಕೂರೋದು ಅದ್ರಲ್ಲಲ್ಲ" ಎಂದಳು ಅಕ್ಕ.

"ಮುಚ್ಚೇ ಬಾಯಿ, ಕಲ್ಲು ಹೊರೋಳಿಗೆ ಕಬ್ಬಿಣದ ಉಸಾಬರಿ ಯಾಕೆ" ಎಂದ ಯಜಮಾನ. ಸಾಹೇಬರತ್ತ ತಿರುಗಿ ಹಲ್ಲು ಕಿರಿದ. "ಈ ಟ್ರೈಲರಿನ ಕೊಂಡೀನೂ ಅಷ್ಟೇ ಗಟ್ಟಿ ಸಾರ್. ಎರಡಕ್ಕೂ ಏನೂ ವ್ಯತ್ಯಾಸ ಇಲ್ಲ. ಬೇಕಾದ್ರೆ ಈಗ್ಲೇ ಓಡಿಸಿ ತೋರಿಸ್ತೀನಿ. ಹತ್ರೇ ಎಲ್ರೂ."

ಯಾರೂ ಹತ್ತಲಿಲ್ಲ. ಹತ್ತು ಜನ ಅಕ್ಕನ ಮುಖ ನೋಡಿದರು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುದುರೆ ಗಾಡಿಯ ಬಾಗಿಲು ತೆಗೆದು, ಕುದುರೆಯನ್ನು ಹಗ್ಗ ಹಿಡಿದು ಇಳಿಸಿದಳು. ಅವಳು ಅದನ್ನು ನಡೆಸಿಕೊಂಡು ಬಂದು ನಮ್ಮ ಟ್ರೈಲರಿಗೆ ಕಟ್ಟಿದಳು. ಅದನ್ನು ಹತ್ತಿಸಲು ಹಿಂದಿನ ಹಲಗೆ ಇಳಿಸಿದಳು.

"ವ್ಯತ್ಯಾಸ ಇಲ್ಲ ಅಂದ್ರಲ್ಲ ಯಜಮಾನ್ರೆ. ಇವತ್ತು ಇದು ನಮ್ಮ ಗಾಡೀಲಿ ಇಳೀಲಿ. ನಾವು ಅದ್ರಲ್ಲಿ ಬರ್ತೀವಿ."

"ಏಯ್, ತಲೆಗಿಲೆ ಕೆಟ್ಟಿದೆಯೇನೇ? ಆ ದರಿದ್ರ ಗಾಡಿಗೆ ನನ್ನ ಕುದುರೆ ಹತ್ತಿಸ್ತೀಯಾ? ಇಳಿಜಾರಲ್ಲಿ ಕೊಂಡಿ ಕಿತ್ಕೊಂಡ್ರೆ ಅದರ ಕಾಲು ಮುರಿಯಲ್ವಾ?"

ಹೇಳಿ ಮುಗಿಸಿದ ಮೇಲೆ ಅವನಿಗೇ ಗೊತ್ತಾಯಿತು. ಗೊತ್ತಾದರೂ ನಾಚಿಕೆಯಾಗಲಿಲ್ಲ, ಕುದುರೆಯ ಕಡೆಗೇ ಓಡಿದ.

"ಸಾಹೇಬ್ರೆ, ಅವ್ರು ಅಂದಿದ್ದನ್ನ ಅಂದ ಹಾಗೇ ಬರ್ಕೊಳ್ಳಿ" ಎಂದಳು ಅಕ್ಕ.

ಸಾಹೇಬರು ಬರೆಯಲಿಲ್ಲ. ಪೆನ್ನಿನ ಮುಚ್ಚಳ ಹುಡುಕತೊಡಗಿದರು. ಯಜಮಾನ ಕುದುರೆ ಬಿಚ್ಚಿಕೊಂಡು ಅತ್ತ ಹೋದ ಕೂಡಲೇ ನಾನು ತಂತಿ ಕತ್ತರಿಸಿ, ಕೆಳಗಿನಿಂದ ಸುತ್ತಿಗೆಯಲ್ಲಿ ಎರಡು ಏಟು ಹಾಕಿದೆ. ಪಿನ್ನು ಮೇಲೆ ಬಂತು. ಟ್ರೈಲರ್ ಮೂತಿ ನೆಲಕ್ಕೆ ಬಡಿಯಿತು.

ಪಿನ್ನಿನ ನಡು ಸವೆದು ಅರ್ಧಕ್ಕೆ ಬಂದಿತ್ತು. ಮಣ್ಣು, ಗ್ರೀಸು ಒರೆಸದೆ ಹಾಗೇ ತಂದು ಸಾಹೇಬರ ಪುಸ್ತಕದ ಮೇಲಿಟ್ಟೆ.

"ಇದನ್ನ ಅಳೀರಿ" ಎಂದೆ.