ಕೆಂಪು ಅಕ್ಷರದ ಫ್ಯಾನು

ನಾನೊಂದು ಸೀಲಿಂಗ್ ಫ್ಯಾನು. ಒಳಗೆ ತಾಮ್ರದ ತಂತಿ, ಹೊರಗೆ ಎರಕದ ಕಬ್ಬಿಣ, ಮೂರು ರೆಕ್ಕೆ. ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದವನು ಒಂದು ಸುತ್ತು ತಿರುಗಿಸಿ, ಇದು ನಮಗಿಂತ ಹೆಚ್ಚು ದಿನ ಬಾಳುತ್ತೆ ಬಿಡು ಅಂದಿದ್ದ. ಆ ಮಾತನ್ನು ಹಟಕ್ಕೆ ಬಿದ್ದು ಉಳಿಸಿಕೊಂಡಿದ್ದೇನೆ.

ನನ್ನನ್ನು ಮೊದಲು ನೇತುಹಾಕಿದ್ದು ತುಂಗಭದ್ರೆಯ ದಂಡೆಯ ಒಂದೂರಿನ ಸರ್ಕಾರಿ ಕಚೇರಿಯಲ್ಲಿ. ಇಪ್ಪತ್ತೆರಡು ವರ್ಷ ಬರೀ ನೆತ್ತಿಗಳನ್ನು ನೋಡಿದೆ. ಕರಿ ನೆತ್ತಿ ಬಿಳಿಯಾಯಿತು, ಬಿಳಿ ನೆತ್ತಿ ಬೋಳಾಯಿತು, ಬೋಳಾದವರು ಹಾರ ಹಾಕಿಸಿಕೊಂಡು ಮನೆಗೆ ಹೋದರು. ನಾನು ಮಾತ್ರ ತಿರುಗುತ್ತಲೇ ಇದ್ದೆ.

ಒಂದು ಬೇಸಿಗೆಯಲ್ಲಿ ನಿಂತೆ. ಹೆಬ್ಬೆರಳಿನಷ್ಟು ಕಂಡೆನ್ಸರ್ ಹೋಗಿತ್ತು, ಅಷ್ಟೆ. ಆದರೆ ಆ ಕಚೇರಿಯಲ್ಲಿ ಹೊಸ ಫ್ಯಾನು ತರಿಸಲು ನಮೂನೆ ಇತ್ತು, ಕಂಡೆನ್ಸರ್ ತರಿಸಲು ಇರಲಿಲ್ಲ. ನನ್ನನ್ನು ಇಳಿಸಿ ಹೊಟ್ಟೆಯ ಮೇಲೆ ಕೆಂಪು ಬಣ್ಣದಲ್ಲಿ 'ಕಂಡಮ್', ಅಂದರೆ ಕೆಲಸಕ್ಕೆ ಬಾರದ್ದು, ಎಂದು ಬರೆದರು. ಜೀವ ಇದೆಯೋ ಇಲ್ಲವೋ ಎಂದು ಯಾರೂ ನೋಡಲಿಲ್ಲ.

ಗುಜರಿಯ ಮಸ್ತಾನ್ ಸಾಬರ ತಕ್ಕಡಿಯಲ್ಲಿ ಕೂತಾಗ ಮೊದಲ ಸಲ ಒಂದು ಮುಖವನ್ನು ಕೆಳಗಿನಿಂದ ನೋಡಿದೆ. ಅವಳು ಕೊಟ್ರವ್ವ. ಸರ್ಕಾರದ ಹಳೇ ಶೆಡ್ಡುಗಳ ಸಾಲಿನಲ್ಲಿ ಮೋಟಾರಿಗೆ ತಂತಿ ಸುತ್ತುವವಳು. ನನ್ನನ್ನು ಒಂದು ಬೆರಳಲ್ಲಿ ತಿರುಗಿಸಿ ಕಿವಿಗೊಟ್ಟಳು.

"ಮಸ್ತಾನಣ್ಣ, ಜೀವ ಇರೋದನ್ನ ತೂಗಾಕ ಕುಂತೀಯಲ್ಲ."

"ಬರೆದಿದ್ದು ನಾನಲ್ಲವ್ವ, ಸರ್ಕಾರ."

"ಸರ್ಕಾರ ಬಿಚ್ಚಿ ನೋಡೇತೇನು?"

ಆಕೆ ನನ್ನನ್ನು ಕೊಂಡು ತನ್ನ ಶೆಡ್ಡಿಗೆ ಒಯ್ದು ಬಿಚ್ಚಿದಳು. ಕಂಡೆನ್ಸರ್ ಬದಲಿಸಿದಳು, ನಾನು ತಿರುಗಿದೆ. ಆ ಸಾಲಿನವರದ್ದೊಂದು ಪದ್ಧತಿ: ಯಾರು ಬಿಚ್ಚುತ್ತಾರೋ ಅವರು ಮುಚ್ಚಳದ ಒಳಗೆ ಮೊಳೆಯಿಂದ ತಮ್ಮ ಹೆಸರು, ತಾರೀಕು ಗೀಚಬೇಕು. ಕೆಲಸ ಕೆಟ್ಟರೆ ಯಾರ ಬಾಗಿಲಿಗೆ ಬರಬೇಕೆಂದು ಗೊತ್ತಾಗಲಿ ಅಂತ. ಕೊಟ್ರವ್ವ ಗೀಚಿದಳು. ಕೆಂಪು ಅಕ್ಷರವನ್ನು ಮಾತ್ರ ಉಜ್ಜಲಿಲ್ಲ. ಇರಲಿ, ಎಂದಾದರೂ ಬೇಕಾದೀತು ಅಂದಳು.

ಅವಳ ತಲೆಯ ಮೇಲೆ ಎಂಟು ವರ್ಷ ತಿರುಗಿದ ಮೇಲೆ ನೋಟೀಸು ಬಂತು. ಜಿಲ್ಲೆಗೆ ನಾವೀನ್ಯ ನೀತಿ ಅಂತ ಒಂದು ಬಂದಿದೆಯಂತೆ. ಇನ್ನು ಶೆಡ್ಡುಗಳು ಹೊಸತನ್ನು ತಯಾರಿಸುವವರಿಗೆ ಮಾತ್ರ, ಉಳಿದವರು ತಿಂಗಳೊಳಗೆ ಖಾಲಿ ಮಾಡಬೇಕು. ಸಾಲಿನಲ್ಲಿ ಹನ್ನೊಂದು ಹೆಂಗಸರು, ಎಲ್ಲರದ್ದೂ ರಿಪೇರಿ ಕೆಲಸ. ಅರ್ಜಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ನೀವು ತಯಾರಿಸುವ ಹೊಸ ವಸ್ತು ಯಾವುದು?

ಪಕ್ಕದ ಶೆಡ್ಡಿನ ಹಾಲಮ್ಮ, ಬಿಸಿಲಿನಲ್ಲಿ ತಿರುಗೋ ಮಿಕ್ಸಿ ಅಂತ ಬರಿಯೇ, ಯಾರು ಬಂದು ರುಬ್ಬಿ ನೋಡ್ತಾರೆ ಅಂದಳು. ಎಲ್ಲರೂ ನಕ್ಕರು. ಕೊಟ್ರವ್ವನೂ ನಕ್ಕಳು. ನಕ್ಕು, 'ಯಾವುದೂ ಇಲ್ಲ' ಎಂದು ಬರೆದಳು.

ವಿಚಾರಣೆಗೆ ಕರೆದರು. ಆಕೆ ನನ್ನ ರೆಕ್ಕೆ ಕಳಚಿಟ್ಟು, ಆಟೋದಲ್ಲಿ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಹೋದಳು. ಅದೇ ಕೋಣೆ! ನನ್ನ ಕೊಕ್ಕೆಗೆ ಇನ್ನೊಂದು ಫ್ಯಾನು ಬಂದಿತ್ತು. ನಿಂತಿತ್ತು. ಕೆಳಗೆ ವಿಚಾರಣೆ ನಡೆಸುವ ಸೋಮನಕಟ್ಟಿ ಸಾಹೇಬರು ನಮ್ಮ ಅರ್ಜಿಯಿಂದಲೇ ಗಾಳಿ ಬೀಸಿಕೊಳ್ಳುತ್ತಿದ್ದರು. ಕೆಟ್ಟವರೇನಲ್ಲ. ಇದರಲ್ಲಿ ಹೊಸದೇನಮ್ಮ ಎಂದು ಮೆತ್ತಗೇ ಕೇಳಿದರು.

"ಹೊಸದೇನಿಲ್ರೀ ಸಾಹೇಬ್ರೆ. ಇದು ನಿಮ್ದ. ಓದ್ಕೊಳ್ರಿ."

ಕೆಂಪು ಅಕ್ಷರವನ್ನು ಅವರ ಕಡೆ ತಿರುಗಿಸಿದಳು. ಮೇಲಿನದು ಯಾಕೆ ನಿಂತಿದೆ ಅಂತ ವಿಚಾರಿಸಿದಳು. ಅದು ಬರೋ ವಾರ ಕಂಡಮ್ ಆಗುತ್ತದೆ ಎಂದ ಜವಾನ. ಕೊಟ್ರವ್ವ ಸೆರಗು ಸಿಕ್ಕಿಸಿ, ಸ್ಟೂಲು ಎಳೆದು ಹತ್ತಿದಳು. ನನ್ನ ಕಂಡೆನ್ಸರ್ ಬಿಚ್ಚಿ ಅದಕ್ಕೆ ಹಾಕಿದಳು. ಯಾರೂ ತಡೆಯಲಿಲ್ಲ, ಸೆಖೆ ಹಾಗಿತ್ತು. ಸ್ವಿಚ್ಚು ಒತ್ತಿದರು. ಫ್ಯಾನು ತಿರುಗಿತು, ಹನ್ನೊಂದು ಅರ್ಜಿಗಳೂ ಹಾರಿ ಕೋಣೆಯ ತುಂಬ ಬಿದ್ದವು.

"ಈಗ ಬರ್ಕೊಳ್ರಿ," ಎಂದಳು ಸ್ಟೂಲಿನ ಮೇಲಿಂದಲೇ. "ಈ ಗಾಳಿ ಹೊಸದೋ, ಹಳೇದೋ."

ಸಾಹೇಬರು ಕುರ್ಚಿಯಿಂದ ಬಗ್ಗಿದರು. ಕಾಲ ಬಳಿಯ ಒಂದು ಅರ್ಜಿ ಹೆಕ್ಕಿ, ಅದರ ಪ್ರಶ್ನೆಯಲ್ಲಿದ್ದ 'ತಯಾರಿಸುವ ಹೊಸ' ಎಂಬುದನ್ನು ಹೊಡೆದುಹಾಕಿ 'ಮತ್ತೆ ನಡೆಯುವಂತೆ ಮಾಡುವ' ಎಂದು ಬರೆದರು. ಜಿಲ್ಲೆಯ ಸಮಿತಿ ಅದನ್ನು ಒಪ್ಪಲು ನಾಲ್ಕು ತಿಂಗಳು ತೆಗೆದುಕೊಂಡಿತು. ಹೆಂಗಸರು ಅಷ್ಟೂ ದಿನ ಶೆಡ್ಡು ಬಿಟ್ಟು ಕದಲಲಿಲ್ಲ. ಈಗ ಕಚೇರಿಗಳ ಕಂಡಮ್ ಸಾಮಾನು ಗುಜರಿಗೆ ಹೋಗುವ ಮುಂಚೆ ಈ ಸಾಲಿಗೆ ಬರಬೇಕು.

ನನಗೆ ವಯಸ್ಸಾಗಿದೆ, ಅಚ್ಚು ತಿರುಗುವ ಬುಷ್ ಸವೆದಿದೆ. ಮೇಜಿನ ಮೂಲೆಯಲ್ಲಿ ಕೂತಿದ್ದೇನೆ. ಕೆಲಸ ಕಲಿಯಲು ಬಂದ ಹೆಣ್ಣುಮಕ್ಕಳು ನನಗೇ ತಂತಿ ಸುತ್ತಿ, ಬಿಚ್ಚಿ, ಮತ್ತೆ ಸುತ್ತುತ್ತಾರೆ. ಮುಚ್ಚಳದೊಳಗೆ ಗೀಚಲು ಜಾಗ ಉಳಿದಿಲ್ಲ. ಹೊಟ್ಟೆಯ ಮೇಲಿನ ಕೆಂಪು ಅಕ್ಷರ ಇನ್ನೂ ಹಾಗೇ ಇದೆ. ಓದುವವರು ಓದಲಿ. ಓದಿ, ಮುಚ್ಚಳ ತೆಗೆದೂ ನೋಡಲಿ.