ಕಥೆಯ ಕೊನೆ ಹೇಳದ ಅತ್ತಿಗೆ

ಪ್ರಾಥಮಿಕ ಶಾಲೆ ಮುಗಿಸಿ ಹೊರಬೀಳುವ ನಮ್ಮ ಮಕ್ಕಳಲ್ಲಿ ಬಹುಪಾಲು ಮಂದಿ ಒಂದೇ ಒಂದು ಕಾದಂಬರಿಯನ್ನೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿರುವುದಿಲ್ಲ. ಇದೇನು ಬ್ರಹ್ಮರಹಸ್ಯವಲ್ಲ, ನಿಮಗೂ ಗೊತ್ತು. ಗೊತ್ತಿದ್ದೂ ನೀವು ಸುಖವಾಗಿ ಉಂಡು ಮಲಗುತ್ತೀರಿ. ನನ್ನ ಅತ್ತಿಗೆಗೆ ಮಾತ್ರ ಅದು ಗಂಟಲಲ್ಲಿ ಸಿಕ್ಕ ಮುಳ್ಳು.

ಅತ್ತಿಗೆ, ಅಂದರೆ ನನ್ನ ಅಣ್ಣನ ಹೆಂಡತಿ, ಐದನೇ ತರಗತಿಯ ಟೀಚರ್. ಅವರು ನಡೆದು ಹೋಗುವುದನ್ನು ಹಿಂದಿನಿಂದ ಕಂಡವರು ಯಾರದೋ ಮನೆಗೆ ಜಗಳಕ್ಕೆ ಹೊರಟಿದ್ದಾರೆಂದೇ ತಿಳಿಯಬೇಕು: ತಲೆ ಮುಂದೆ, ಕಾಲು ಹಿಂದೆ, ಎಲೆ ಅಲುಗದ ದಿನವೂ ಎದುರುಗಾಳಿಗೆ ಮೈಯೊಡ್ಡಿದ ಭಂಗಿ. ಮೈಮೇಲೆ ಸದಾ ಒಂದು ಬೂದು ಕೋಟು. ಅಣ್ಣ ಲೇತ್ ವರ್ಕ್‌ಶಾಪಿನಲ್ಲಿ ತೊಟ್ಟು ಸವೆಸಿ ಬಿಟ್ಟದ್ದು, ಎಷ್ಟು ಒಗೆದರೂ ಎಣ್ಣೆಯ ಕಲೆ ಬಿಡದ್ದು. ಅದರ ಒಂದು ಜೇಬಿನಲ್ಲಿ ಸೀಮೆಸುಣ್ಣದ ತುಂಡುಗಳು. ಇನ್ನೊಂದರಲ್ಲಿ ದಾರದುಂಡೆ, ಅಳತೆಯ ಟೇಪು, ಯಾವುದೋ ಮಗುವಿನ ಬಿದ್ದ ಹಲ್ಲು.

"ಹೊಸ ಕೋಟು ಕೊಡಿಸ್ತೀನಿ ಅಂದ್ರೆ ಬೇಡ ಅಂತಾಳೆ ಕಣೋ. ಜನ ನನ್ನ ಜುಗ್ಗ ಅಂತಾರೆ," ಎಂದು ಅಣ್ಣ ಕೊರಗುತ್ತಾನೆ.

"ಹೊಸ ಕೋಟಲ್ಲಿ ಜೇಬು ನೋಡೋಕೆ ಮಾತ್ರ ಇರುತ್ತೆ. ಕೈಯೇ ಹೋಗಲ್ಲ," ಎಂಬುದು ಅತ್ತಿಗೆಯ ಉತ್ತರ.

ಅವರ ಬಾಯಿಂದ ಒಂದು ಮಾತು ಉಸಿರಾಟದಷ್ಟೇ ಸಹಜವಾಗಿ ಬರುತ್ತದೆ: "ಇಲ್ಲದಿದ್ರೆ ಏನಾಗುತ್ತೆ?" ಹೊಸ ಮಿಕ್ಸಿ ತರೋಣವೆಂದರೂ ಇದೇ ಪ್ರಶ್ನೆ, ಸಂಬಂಧಿಕರ ಮನೆಗೆ ಹೋಗಿಬರೋಣವೆಂದರೂ ಇದೇ ಪ್ರಶ್ನೆ. ತರಗತಿಯ ಮಕ್ಕಳು ಅವರನ್ನು ಬೆನ್ನ ಹಿಂದೆ 'ಇಲ್ಲದಿದ್ರೆ ಟೀಚರ್' ಎನ್ನುತ್ತಾರೆ. ಅವರಿಗೆ ಅದು ಗೊತ್ತು. ಒಳಗೊಳಗೇ ಅದನ್ನೊಂದು ಬಿರುದಿನಂತೆ ಧರಿಸಿಕೊಂಡಿದ್ದಾರೆಂಬುದು ನನ್ನ ಗುಮಾನಿ.

ಯಾರೋ ಪುಣ್ಯಾತ್ಮರು ಅವರ ಶಾಲೆಗೆ ಒಂದೇ ಮಕ್ಕಳ ಕಾದಂಬರಿಯ ಪೆಟ್ಟಿಗೆ ತುಂಬ ಪ್ರತಿಗಳನ್ನು ಕೊಟ್ಟುಹೋದರು. ಸೇತುವೆ ಕೊಚ್ಚಿಹೋದ ಮೇಲೆ ಅಜ್ಜಿಯ ಹಳೆಯ ದೋಣಿಯನ್ನು ದುರಸ್ತಿ ಮಾಡಿಕೊಂಡು ಎರಡು ದಡಗಳ ಜನರನ್ನು ದಾಟಿಸುವ ಒಬ್ಬ ಹುಡುಗಿಯ ಕಥೆ ಅದು. ಬೇರೆ ಯಾರ ಕೈಗೆ ಸಿಕ್ಕಿದ್ದರೂ ಅದರಿಂದ ಒಂದು ಪುಟ ಹರಿದು, ಬಿಟ್ಟ ಸ್ಥಳ ತುಂಬಿಸಿ, ಎರಡು ಪ್ರಶ್ನೆ ಬರೆಸಿ ಪುಸ್ತಕಕ್ಕೆ ತಿಥಿ ಮಾಡುತ್ತಿದ್ದರು. ಅತ್ತಿಗೆಯಾದರೋ ಅರ್ಧ ವರ್ಷದ ಗಣಿತ, ವಿಜ್ಞಾನ, ಭೂಗೋಳ, ಭಾಷೆ, ಚಿತ್ರಕಲೆ ಎಲ್ಲವನ್ನೂ ಆ ಒಂದು ದೋಣಿಗೆ ಹತ್ತಿಸುವುದೆಂದು ಹಟ ಹಿಡಿದು ಕೂತರು. ಊಟದ ಮೇಜಿನ ತುಂಬ ಹಳೆಯ ಕ್ಯಾಲೆಂಡರುಗಳ ಹಾಳೆ ಬೋರಲು ಹಾಸಿ, ನಡುವೆ ನೀಲಿ ಬಣ್ಣದಲ್ಲಿ ನದಿ ಎಳೆದು, ಅಧ್ಯಾಯಗಳನ್ನು ನದಿಯ ತಿರುವುಗಳಲ್ಲಿ ಗುರುತಿಸಿದರು. ಅಣ್ಣ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣತೊಡಗಿದ. "ನೋಡೋ, ಇದು ಮನೆಯಲ್ಲ, ರೇವು. ನಾನು ಆಚೆ ದಡದಲ್ಲಿದೀನಿ. ಸಾರು ಬೇಕು ಅಂದ್ರೆ ಕೂಗಬೇಕು."

ಯೋಜನೆ ಮಾಡುವುದರಲ್ಲಿ ಅವರಿಗೆ ಅವರದೇ ಒಂದು ನೇಮವಿತ್ತು. ಪುಸ್ತಕವನ್ನು ಮೊದಲು ಕಥೆಯ ಆಸೆಗೆ ಓದುವುದು. ಆಮೇಲೆ ಓದೆಂದರೆ ಆಗದ ಮಗುವಿನ ಕಣ್ಣಿನಿಂದ, ಎಲ್ಲಿ ಬೇಜಾರು ಬಂತೆಂದು ಗುರುತಿಸುತ್ತ ಓದುವುದು. ಅನಂತರವಷ್ಟೇ ಪೆನ್ಸಿಲು ಹಿಡಿಯುವುದು. ಹಿಡಿದ ಮೇಲೆ ಪ್ರತಿ ಪಾಠಕ್ಕೂ ಒಂದೇ ಪರೀಕ್ಷೆ: ಈ ವಿದ್ಯೆ ಬಾರದಿದ್ದರೆ ಕಥೆಯ ಹುಡುಗಿಗೆ ಏನಾಗುತ್ತದೆ? ಏನೂ ಆಗುವುದಿಲ್ಲವೆಂದರೆ ಆ ಪಾಠಕ್ಕೆ ಅಲ್ಲಿ ಜಾಗವಿಲ್ಲ. ಕೂಗಿದ ದನಿ ಆಚೆ ದಡಕ್ಕೆ ಮುಟ್ಟದಿದ್ದರೆ ಅವಳ ದೋಣಿಗೆ ಗಿರಾಕಿಯಿಲ್ಲ. ಆದ್ದರಿಂದ ಮಕ್ಕಳು ಅಂಗಳದ ಎರಡು ತುದಿಯಲ್ಲಿ ನಿಂತು ದನಿಯ ವಿಜ್ಞಾನ ಕಲಿತರು. ಸೇತುವೆ ಮತ್ತೆ ಕಟ್ಟಿರೆಂದು ಬರೆಯಲು ಬಾರದಿದ್ದರೆ ಊರು ಎರಡು ಹೋಳಾಗಿಯೇ ಉಳಿಯುತ್ತದೆ; ಆದ್ದರಿಂದ ಪತ್ರಲೇಖನ. ಪಕ್ಕದ ತರಗತಿಯ ಟೀಚರ್ ಒಬ್ಬರು ಸದುದ್ದೇಶದಿಂದಲೇ, "ಕಥೇಲಿ ಚಂದ್ರ ಬರ್ತಾನಲ್ಲ, ಹಾಗೇ ಗ್ರಹಗಳ ಪಾಠಾನೂ ಮುಗಿಸಿಬಿಡಿ," ಎಂದರಂತೆ. "ಮನೇಲಿ ಕಿಟಕಿ ಇದೆ ಅಂತ ಬಡಗಿಗೆ ಮಗಳನ್ನ ಕೊಟ್ಟ ಹಾಗಾಯ್ತು," ಎಂದು ಅತ್ತಿಗೆ ಗ್ರಹಗಳನ್ನೆಲ್ಲ ಒಂದೇ ಗೀಟಿನಲ್ಲಿ ಹೊಡೆದುಹಾಕಿದರು.

ಹೆಡ್ ಮಾಸ್ಟರಿಗೆ ಇದು ಸೇರಲಿಲ್ಲ. ಮಕ್ಕಳ ವರ್ಕ್‌ಬುಕ್ಕುಗಳು ಹಾಲಿನಷ್ಟು ಬೆಳ್ಳಗೆ ಬಿದ್ದಿದ್ದವು. ಹಗ್ಗ ಹರಿಯಬಾರದು, ಕೋಲು ಮುರಿಯಬಾರದು ಎಂಬ ಜಾತಿಯ ಮನುಷ್ಯ ಅವರು. ನಿರ್ಧಾರವನ್ನು ತಪಾಸಣೆಗೆ ಬರುವ ಅಧಿಕಾರಿಯ ತಲೆಗೆ ಕಟ್ಟಿದರು. ಅಧಿಕಾರಿ ಬಂದು ಒಂದು ದಿನದ ಪಾಠ ನೋಡುವುದು, ಒಪ್ಪಿದರೆ ಕಾದಂಬರಿ ಮುಂದುವರಿಯುವುದು, ಒಪ್ಪದಿದ್ದರೆ ಪುಸ್ತಕಗಳೆಲ್ಲ ವಾಪಸು. ಅತ್ತಿಗೆ ಅದಕ್ಕೆಂದೇ ತಮ್ಮ ಯೋಜನೆಯ ಅತ್ಯುತ್ತಮ ದಿನವನ್ನು ಆರಿಸಿಟ್ಟರು. ಕ್ಯಾಲೆಂಡರಿನ ಹಿಂಬದಿಯಲ್ಲಿ ಆ ದಿನದ ಎದುರು ದಪ್ಪ ಅಕ್ಷರದಲ್ಲಿ ಬರೆದಿದ್ದರು: 'ದೋಣಿ ತೇಲುತ್ತದೆ.'

ರಟ್ಟಿನ ಪೆಟ್ಟಿಗೆಗಳನ್ನು ಹೊತ್ತೊಯ್ಯಲು ಆಳು ಬೇಕಿತ್ತು. ಹಾಗಾಗಿ ಆ ದಿನ ಅಣ್ಣನೂ ನಾನೂ ಶಾಲೆಯಲ್ಲಿದ್ದೆವು. ಅಂಗಳದಲ್ಲಿ ಮಕ್ಕಳು ಪುಸ್ತಕದಲ್ಲಿ ಹೇಳಿದ ಅಳತೆಗೆ ಸರಿಯಾಗಿ ದೋಣಿಯ ಆಕಾರವನ್ನು ಸೀಮೆಸುಣ್ಣದಲ್ಲಿ ಬರೆದಿದ್ದರು. ಅದರೊಳಗೆ ಅಡಿ ಉದ್ದ, ಅಡಿ ಅಗಲ, ಅಡಿ ಎತ್ತರದ ಪೆಟ್ಟಿಗೆಗಳನ್ನು ದೋಣಿಯ ಅಂಚಿನ ಎತ್ತರದವರೆಗೆ ಒತ್ತಾಗಿ ಜೋಡಿಸಬೇಕು. ಎಷ್ಟು ಪೆಟ್ಟಿಗೆ ಹಿಡಿಯಿತೋ ಅಷ್ಟು ನೀರನ್ನು ದೋಣಿ ಪಕ್ಕಕ್ಕೆ ತಳ್ಳಬಲ್ಲದು. ಆ ನೀರಿನ ತೂಕಕ್ಕಿಂತ ದೋಣಿಯೂ ಅದರ ಹೊರೆಯೂ ಸೇರಿ ಹಗುರವಾಗಿದ್ದರೆ ತೇಲುತ್ತದೆ. ಒಂದು ಪೆಟ್ಟಿಗೆ ನೀರಿನ ತೂಕವನ್ನು ಹಿಂದಿನ ದಿನವೇ ಬಕೆಟ್ಟಿನಲ್ಲಿ ತೂಗಿ ಗೊತ್ತುಮಾಡಿಕೊಂಡಿದ್ದರು. ಕಾದಂಬರಿಯ ಆ ಅಧ್ಯಾಯದಲ್ಲಿ ಹುಡುಗಿ ಪ್ರವಾಹ ಏರುತ್ತಿರುವ ಸಂಜೆ ಅಜ್ಜಿಯನ್ನೂ ಉಪ್ಪಿನ ಮೂಟೆಗಳನ್ನೂ ಒಂದು ಹಸುವನ್ನೂ ಒಂದೇ ಸಲಕ್ಕೆ ದಾಟಿಸುತ್ತಾಳೆ. ಮಕ್ಕಳು ಕೂಡಿದರು, ಗುಣಿಸಿದರು, ಮತ್ತೆ ಕೂಡಿದರು.

"ಟೀಚರ್, ಇವರು ಮುಳುಗ್ತಾರೆ!"

"ಪುಸ್ತಕದಲ್ಲಿ ದಾಟಿದಾರಲ್ಲೇ?"

"ಪುಸ್ತಕ ಬರೆದೋರು ಹಸುನ ತೂಕ ಹಾಕಿಲ್ಲ ಕಣೇ."

"ಬಡಕಲು ಹಸು ಇರಬಹುದು."

"ಬಡಕಲಾದ್ರೆ ಏನು, ಬೆಕ್ಕಾಗುತ್ತಾ?"

ನಾನು ಅತ್ತಿಗೆಯ ಮುಖ ನೋಡಿದೆ. ಅದು ಬಿಳಿಚಿಕೊಂಡಿತ್ತು. ಪ್ರತಿ ಪಾಠವನ್ನೂ ಒರೆಗೆ ಹಚ್ಚಿದ ಹೆಂಗಸು ದೋಣಿಯೊಂದನ್ನು ಮಾತ್ರ ಒರೆಗೆ ಹಚ್ಚಿರಲಿಲ್ಲ. ಪುಸ್ತಕದ ಮೇಲಿನ ಪ್ರೀತಿಯಲ್ಲಿ ಅದರ ಮಾತನ್ನು ನಂಬಿದ್ದರು. ಕಥೆಗಾಗಿ ಪ್ರಾಣ ಬಿಡುವ ಟೀಚರು ಮಾತ್ರ ಮಾಡಬಹುದಾದ ತಪ್ಪು ಅದು. ಮುಚ್ಚಿಹಾಕಲು ದಾರಿಗಳಿದ್ದವು: ಲೆಕ್ಕ ತಪ್ಪಾಗಿದೆ, ನಾಳೆ ನೋಡೋಣ ಎನ್ನಬಹುದಿತ್ತು, ಹೆಡ್ ಮಾಸ್ಟರು ಕಣ್ಣಿನಲ್ಲೇ ಅದನ್ನು ಸೂಚಿಸುತ್ತಲೂ ಇದ್ದರು. ಅತ್ತಿಗೆ ಕೋಟಿನ ತೋಳಿನಿಂದ ಮುಖ ಒರೆಸಿಕೊಂಡು ಅಧಿಕಾರಿಯ ಎದುರಿಗೇ ಹೇಳಿದರು: "ಲೆಕ್ಕ ಸರಿಯಾಗಿದೆ. ನಾನೂ ನೋಡಿರಲಿಲ್ಲ. ದೋಣಿ ಮುಳುಗುತ್ತೆ. ಈಗ ಏನ್ ಮಾಡೋಣ ಹೇಳಿ."

ಅದಾದ ಮೇಲೆ ನಡೆದದ್ದನ್ನು ಯಾವ ಯೋಜನೆಯಲ್ಲೂ ಬರೆಯಲು ಬರುವುದಿಲ್ಲ. ಉಪ್ಪನ್ನು ಬಿಡೋಣವೆಂದರು ಕೆಲವು ಮಕ್ಕಳು, ಆಚೆ ದಡದವರು ಕಾಯುತ್ತಿದ್ದಾರಲ್ಲ ಎಂದು ಇನ್ನೊಂದು ಗುಂಪು. ಎರಡು ಸಲ ಹೋಗಿಬರಲಿ ಎಂದರು. ಅಷ್ಟರಲ್ಲಿ ಕತ್ತಲಾಗುತ್ತದೆಂದು ಸೂರ್ಯಾಸ್ತದ ಸಾಲನ್ನು ಹುಡುಕಿ ಓದಿದರು. ಕೊನೆಗೆ ಒಬ್ಬ ಹುಡುಗಿ ಪುಟ ತಿರುವಿ, ದೋಣಿಯ ಹಿಂದೆ ಹಗ್ಗವೊಂದು ನೇತಾಡುತ್ತಿತ್ತೆಂಬ ಸಾಲಿಗೆ ಬೆರಳಿಟ್ಟಳು. "ಹಸುನ ಇದಕ್ಕೆ ಕಟ್ಟಿದ್ರೆ? ಅದು ಈಜ್ಕೊಂಡು ಬರಲಿ."

"ಹಸು ಈಜುತ್ತಾ?" ಎಂದವರು ಅಧಿಕಾರಿ. ಯಾವಾಗಲೋ ಅವರು ಶೂ ಬಿಚ್ಚಿ, ಸೀಮೆಸುಣ್ಣದ ದೋಣಿಯೊಳಗೆ ಮಂಡಿಯೂರಿ ಪೆಟ್ಟಿಗೆ ಸರಿಸತೊಡಗಿದ್ದರು.

"ಈಜುತ್ತೆ ಸಾರ್. ನೀವು ನೋಡೇ ಇಲ್ವಾ?" ಆ ಮಗುವಿನ ದನಿಯಲ್ಲಿ ಅನುಕಂಪವಿತ್ತು.

ಹೋಗುವಾಗ ಆ ಮನುಷ್ಯ ಅತ್ತಿಗೆಗೆ ಕೈಮುಗಿದರು. "ಮೇಡಂ, ನನ್ನ ಸರ್ವಿಸ್‌ನಲ್ಲೇ ಇಂಥ ಕ್ಲಾಸ್ ನೋಡಿಲ್ಲ. ಆದ್ರೆ ನನ್ನ ರಿಪೋರ್ಟಿನ ಕಾಲಂನಲ್ಲಿ ಇದಕ್ಕೆ ಜಾಗ ಇಲ್ಲ." ಹಾಗೆಂದು, ಮಂಡಿಯ ಮೇಲಿನ ಸುಣ್ಣವನ್ನೂ ಕೊಡವಿಕೊಳ್ಳದೆ, ಕಾದಂಬರಿ ನಿಲ್ಲಿಸಬೇಕೆಂದು ಬರೆದುಕೊಟ್ಟು ಹೋದರು. ಕೆಟ್ಟವರಾಗಿದ್ದರೆ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಒಳ್ಳೆಯವರು ಬಗ್ಗಿ ನಡೆಯುವುದರಿಂದಲೇ ಈ ಲೋಕದ ಚಾವಣಿ ಇಷ್ಟು ತಗ್ಗಿನಲ್ಲಿದೆ.

ಹೆಡ್ ಮಾಸ್ಟರು ಮರುದಿನವೇ ಪುಸ್ತಕಗಳನ್ನು ವಾಪಸು ಪಡೆದು ತಮ್ಮ ಕೋಣೆಯ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಕಥೆಗೆ ಇನ್ನೂ ಮೂರು ಅಧ್ಯಾಯ ಬಾಕಿಯಿತ್ತು. "ತಪ್ಪಿರೋ ಪುಸ್ತಕ ಮಕ್ಕಳ ಕೈಯಲ್ಲಿ ಯಾಕೆ?" ಎಂಬುದು ಅವರ ವಾದ. "ತಪ್ಪಿರೋದನ್ನೆಲ್ಲ ಬೀರುಗೆ ಹಾಕೋದಾದ್ರೆ ಮೊದಲು ನಿಮ್ಮ ವರ್ಕ್‌ಬುಕ್ ಹೋಗ್ಬೇಕು ಸಾರ್," ಎಂದು ಅತ್ತಿಗೆ. ಪೋಷಕರ ಸಭೆಯನ್ನೂ ಅತ್ತಿಗೆಯೇ ಕರೆದರು. ಒಬ್ಬ ತಂದೆ ಮಾತ್ರ ಎದ್ದುನಿಂತು, ತನ್ನ ಮಗಳು ಮನೆಯ ಪಾತ್ರೆಗಳನ್ನೆಲ್ಲ ಬಕೆಟ್ಟಿನಲ್ಲಿ ತೇಲಿಸಿ ನೋಡುತ್ತಿದ್ದಾಳೆ, ಹೆಂಡತಿ ಬೈಯುತ್ತಿದ್ದಾಳೆ, ತನಗೆ ಮಾತ್ರ ಖುಷಿಯಾಗಿದೆ ಎಂದ. ಎಲ್ಲರೂ ನಕ್ಕರು. ಆಮೇಲೆ ಎಲ್ಲರೂ ವರ್ಕ್‌ಬುಕ್ ಯಾವಾಗ ಮುಗಿಯುತ್ತದೆಂದು ಕೇಳಿದರು.

ಮನೆಯಲ್ಲಿ ನಾನೇ ಹೇಳಿದೆ: "ಅತ್ತಿಗೆ, ಹೋಗ್ಲಿ, ಉಳಿದ ಕಥೆ ಬಾಯಲ್ಲೇ ಹೇಳಿಬಿಡಿ. ಪಾಪ, ಹುಡುಗರು ಒದ್ದಾಡ್ತಿದಾರೆ."

"ಹೇಳಲ್ಲ."

"ಯಾಕೆ ಇಷ್ಟು ಹಟ?"

"ಹೇಳಿದ್ರೆ ಅವರ ಹೊಟ್ಟೆ ತುಂಬುತ್ತೆ, ಬೀಗ ಹಾಗೇ ಇರುತ್ತೆ. ಅವರು ಓದ್ಬೇಕು. ಅವರ ಕಣ್ಣಲ್ಲಿ, ಅವರ ಪುಸ್ತಕದಲ್ಲಿ." ನನ್ನನ್ನು ದಿಟ್ಟಿಸಿ ನೋಡಿದರು. "ನಿಮಗೂ ಹೇಳಲ್ಲ, ಮೈದುನರೇ."

ಈಗ ಪ್ರತಿ ವಿರಾಮದಲ್ಲೂ ಐದನೇ ತರಗತಿಯ ಮಕ್ಕಳು ಒಬ್ಬೊಬ್ಬರಾಗಿ ಹೆಡ್ ಮಾಸ್ಟರ ಬಾಗಿಲಿಗೆ ಹೋಗಿ ನಿಲ್ಲುತ್ತಾರೆ. ಪುಸ್ತಕ ಕೊಡಿ ಸಾರ್ ಎಂದು ಕೇಳುತ್ತಾರೆ, ಇಲ್ಲವೆನ್ನಿಸಿಕೊಳ್ಳುತ್ತಾರೆ, ಥ್ಯಾಂಕ್ಸ್ ಹೇಳಿ ಬರುತ್ತಾರೆ. ರೋಸಿಹೋದ ಹೆಡ್ ಮಾಸ್ಟರು ಒಬ್ಬಳನ್ನು ತಡೆದು ಕೇಳಿದರಂತೆ:

"ನಿಮ್ಮ ಟೀಚರ್ ಕಳಿಸಿದ್ರಾ?"

"ಇಲ್ಲ ಸಾರ್. ಆ ಹುಡುಗಿ ಕಳಿಸಿದ್ಲು."

"ಯಾವ ಹುಡುಗಿ?"

"ದೋಣಿ ಹುಡುಗಿ ಸಾರ್. ಇನ್ನೂ ನೀರಲ್ಲೇ ಇದಾಳಲ್ಲ."

ಇದು ಹೀಗೇ ಮುಂದುವರಿದರೆ ತರಗತಿಯನ್ನೇ ಬೇರೆಯವರಿಗೆ ಕೊಡುತ್ತೇವೆಂದು ಅತ್ತಿಗೆಗೆ ಎಚ್ಚರಿಕೆ ಬಂದಿದೆ. ಆ ಸುದ್ದಿ ಹೇಳಿದ ದಿನ ಅಣ್ಣ ಮೊದಲ ಬಾರಿಗೆ ತಮಾಷೆ ಮಾಡಲಿಲ್ಲ. ಮೇಜಿನ ಮೇಲಿನ ನದಿಯನ್ನು ಮಡಿಸಿಡಲು ಅತ್ತಿಗೆ ಕೈಹಾಕಿದಾಗ, "ಇರಲಿ ಬಿಡೇ, ನನಗೆ ತೊಡೆ ಮೇಲೆ ಉಂಡು ರೂಢಿಯಾಗಿದೆ," ಎಂದ.

ಹಟಮಾರಿಗಳೆಂದು ನಾವು ಕರೆಯುವ ಇಂಥವರು ಲೋಕವನ್ನು ಬದಲಿಸಹೊರಟ ವೀರರಲ್ಲ. ಅವರಿಗೆ ಧ್ವಜವಿಲ್ಲ, ಘೋಷಣೆಯಿಲ್ಲ, ಹಿಂಬಾಲಕರ ದಂಡಿಲ್ಲ. ಆರಂಭಿಸಿದ್ದನ್ನು ಮುಗಿಸಬೇಕು, ಮಗುವನ್ನು ನಡುನೀರಿನಲ್ಲಿ ಬಿಟ್ಟು ಗಂಟೆ ಹೊಡೆಯಬಾರದು ಎಂಬಷ್ಟೇ ಸಣ್ಣ ನ್ಯಾಯ ಅವರದು. ಆ ಸಣ್ಣ ನ್ಯಾಯವನ್ನೂ ತಾಳಲಾರದಷ್ಟು ಬಡಕಲು ವ್ಯವಸ್ಥೆಯನ್ನು ಕಟ್ಟಿಕೊಂಡು, ಅವರೊಬ್ಬರನ್ನೇ ಮುಂದೆ ಬಿಟ್ಟು, ನಾವು ಹಿಂದಿನ ಬೆಂಚಿನಲ್ಲಿ ಕೂತು ತಲೆದೂಗುತ್ತೇವೆ. ಅವರು ಸೋತರೆ 'ಪಾಪ' ಎನ್ನಲು ನಮ್ಮ ನಾಲಿಗೆ ಆಗಲೇ ಸಿದ್ಧವಾಗಿರುತ್ತದೆ.

ಆ 'ಪಾಪ' ಯಾರಿಗೂ ಬೇಡ, ನಿಮ್ಮ ಬಳಿಯೇ ಇರಲಿ. ನಿಮ್ಮ ಮಗುವಿನ ಶಾಲೆಯಲ್ಲೂ ಒಂದು ಬೀರು ಇದೆ, ಅದಕ್ಕೂ ಒಂದು ಬೀಗವಿದೆ. ನಾಳೆ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ, ಮಗುವಿನ ಕೈ ಹಿಡಿದು ಅದರ ಮುಂದೆ ಹೋಗಿ ನಿಲ್ಲಿ. ತೆಗೆಯುವವರೆಗೆ ಅಲ್ಲಿಂದ ಅಲುಗಬೇಡಿ.