ಕರಿಬೆಲ್ಲದ ದೇವಯ್ಯ

ಚಟ್ಟಕ್ಕೆ ಹೆಗಲು ಕೊಟ್ಟಿದ್ದ ರಾಮಣ್ಣ ಗೊರೂರಿನ ರಸ್ತೆ ದಾಟುವ ಮುನ್ನ ನಿಂತು, ಹಾಸನದಿಂದ ಬರುತ್ತಿದ್ದ ಬಸ್ಸಿಗೆ ಮುಂದೆ ಹೋಗುವಂತೆ ಕೈಬೀಸಿದ. ಬಸ್ಸು ಹೋಗಲಿಲ್ಲ. ಅಲ್ಲೇ ನಿಂತಿತು. ಪೇಟೆಯ ಹೆಂಗಸರು, ಗಂಡಸರು ಒಬ್ಬೊಬ್ಬರಾಗಿ ಇಳಿದು, ಚಪ್ಪಲಿಗಳನ್ನು ರಸ್ತೆಯಂಚಿನಲ್ಲಿ ಬಿಟ್ಟು ಹೆಣದ ಹಿಂದೆ ನಡೆದರು.

“ಯಾರ್ಲಾ ಇವ್ರೆಲ್ಲಾ?” ಪಕ್ಕದ ಹೆಗಲಿನವನು ಪಿಸುಗುಟ್ಟಿದ.

“ನಂಗೇನ್ ಗೊತ್ತು? ದೇವಣ್ಣಂಗೆ ಪ್ಯಾಟೇಲಿ ನೆಂಟ್ರೇ ಇರ್ನಿಲ್ಲ ಕಣ.”

ಅವರಲ್ಲಿ ಹಿರಿಯರಾದ ಅಂಬುಜಮ್ಮ, ಹಾಸನದಲ್ಲಿ ಟೀಚರ್ ಆಗಿದ್ದವರು, ದೇವಯ್ಯನ ಹೆಂಡತಿ ಬೆಟ್ಟಮ್ಮನ ಕೈ ಹಿಡಿದುಕೊಂಡರು.

“ಬೆಳಿಗ್ಗೆ ಸುದ್ದಿ ಬಂತು. ನಮ್ಮ ಬೀದೀಲಿ ಯಾರೂ ಮನೇಲಿ ಉಳೀಲಿಲ್ಲ, ಬೆಟ್ಟಮ್ಮ.”

*

ತೊಂಬತ್ತರ ದಶಕದ ಕೊನೆಯಲ್ಲಿ ದೇವಯ್ಯ ಕಬ್ಬಿಗೆ ಸೀಮೆಗೊಬ್ಬರ ಸುರಿಯುವುದನ್ನು ಬಿಟ್ಟ. ಬೆಲ್ಲ ಕಾಯಿಸುವಾಗ ಬಣ್ಣ ಬರಿಸುವ ಪುಡಿಯನ್ನೂ ಬಿಟ್ಟ. ಅಚ್ಚುಗಳು ಹಳೇ ಹುಣಸೆಹಣ್ಣಿನ ಹಾಗೆ ಕಪ್ಪಾಗಿ ಎದ್ದವು. ಮಂಡಿಯ ವ್ಯಾಪಾರಿ ಒಂದನ್ನು ಮುರಿದು ನೋಡಿ ನಕ್ಕ.

“ಇದನ್ನ ಯಾರ್ ತಗತಾರೆ ಗೌಡ್ರೇ? ಬಿಟ್ಟೋಗಿ, ಅಳದಿ ಬಣ್ಣದ ಬೆಲ್ಲದ ಜತೆ ಬೆರೆಸಿ ಸಾಗಾಕ್ತೀನಿ.”

“ಬೆರೆಸೋದಾದ್ರೆ ಬ್ಯಾಡಿ ಸಾ.”

ಮೂಟೆಗಳು ಮತ್ತೆ ಊರಿಗೇ ಬಂದವು. ಅಟ್ಟದ ಮೇಲಿಟ್ಟ ಬೆಲ್ಲ ಮಳೆಗಾಲದಲ್ಲಿ ಬೆವರಿ, ಕರಗಿ, ಗೋಡೆಗುಂಟ ಇಳಿಯಿತು. ಪಕ್ಕದ ಹೊಲದ ರಾಮಣ್ಣ ಅದನ್ನು ಕಂಡು, “ಇರುವೆಗೊಳ್ಗೆ ವರ್ಸದ ಕೂಳಾಯ್ತು ಬುಡಣ್ಣ” ಎಂದ. ಬೆಟ್ಟಮ್ಮ ಅತ್ತಳು. ದೇವಯ್ಯ ಉಳಿದಿದ್ದನ್ನು ಬುಟ್ಟಿಗೆ ತುಂಬಿಕೊಂಡು ಹಾಸನದ ಬೀದಿ ಬೀದಿ ಅಲೆದ. ಕಪ್ಪು ಬೆಲ್ಲ ಕಂಡವರೆಲ್ಲ ಹಳೇ ಮಾಲೆಂದು ಬಾಗಿಲು ಹಾಕಿಕೊಂಡರು.

ಅಂಬುಜಮ್ಮ ಮಾತ್ರ ಕೇಳಿದರು: “ಏನೂ ಹಾಕಿಲ್ಲ ಅಂತ ನಾನು ಹೇಗಪ್ಪ ನಂಬ್ಲಿ?”

“ನಂಬಬ್ಯಾಡಿ ಅವ್ವ. ಆಲೆಮನೆಗೆ ಬಂದು ನೋಡಿ.”

ಅವರು ನಿಜಕ್ಕೂ ಬಂದರು. ಕೊಪ್ಪರಿಗೆಯ ಮುಂದೆ ಸಂಜೆಯವರೆಗೂ ಕೂತರು. ಬಿಸಿ ಪಾಕವನ್ನು ನಾಲಗೆಗಿಟ್ಟುಕೊಂಡರು. “ನಮ್ಮಜ್ಜಿ ಮನೆ ಬೆಲ್ಲ” ಎಂದಷ್ಟೇ ಅಂದರು.

ಅಲ್ಲಿಂದ ಮುಂದೆ ಭಾನುವಾರ ಅವರ ಜಗಲಿಯೇ ದೇವಯ್ಯನ ಅಂಗಡಿ. ಅವರನ್ನು ನಂಬಿ ನೆರೆಯವರು ಕೊಂಡರು, ನೆರೆಯವರನ್ನು ಕಂಡು ಇಡೀ ಬೀದಿ. ಆದರೆ ಹೊಲ ನೋಡಲು ಮಾತ್ರ ಮತ್ತಾರೂ ಬರಲಿಲ್ಲ. ಅವನು ಕರೆಯುತ್ತಲೇ ಇದ್ದ.

*

ದೇವಯ್ಯನ ಹೊಲದ ಮೂಲೆಯಲ್ಲಿ, ಕಬ್ಬು ಕಡಿದ ಜಾಗದಲ್ಲಿ, ಗುಣಿ ಸಿದ್ಧವಾಗಿತ್ತು. ಬೇಸಿಗೆಯ ಗಟ್ಟಿನೆಲವೆಂದು ತಂದಿದ್ದ ಹಾರೆ ಬದುವಿನ ಮೇಲೆ ಹಾಗೇ ಬಿದ್ದಿತ್ತು. ಗುದ್ದಲಿಯೇ ಸಾಕಾಗಿತ್ತು.

“ವಾರವಾರ ಕರೀತಿದ್ರು,” ಪೇಟೆಯವನೊಬ್ಬ ತನ್ನಷ್ಟಕ್ಕೇ ಹೇಳಿಕೊಂಡ. “ಬತ್ತೀನಿ ಅಂತ ಹೇಳ್ತಾನೇ ಇದ್ದೆ.”

ಬೆಟ್ಟಮ್ಮ ಮೊದಲು ಮಣ್ಣು ಹಾಕಿದಳು. ಆಮೇಲೆ ಅಂಬುಜಮ್ಮ. ಅವರ ಹಿಡಿಯೊಳಗೆ ಎರೆಹುಳುವೊಂದು ಮಿಸುಕಾಡಿತು. ಅದನ್ನು ಮೆಲ್ಲಗೆ ಬಿಡಿಸಿ ಪಕ್ಕದ ನೆಲದಲ್ಲಿಟ್ಟು, ಮಣ್ಣನ್ನಷ್ಟೇ ಗುಣಿಗೆ ಬಿಟ್ಟರು.

ರಾಮಣ್ಣನ ಸರದಿ ಬಂತು. ಸುತ್ತಲಿನದೆಲ್ಲ ಕೆಂಪು ನೆಲ; ಅವನು ಬಾಗಿ ಎತ್ತಿದ ಮಣ್ಣು ಕಪ್ಪೇರಿ, ತಣ್ಣಗೆ, ಹಗುರಾಗಿ ಕೈತುಂಬಿತು. ಮೂಸಿದ. ಮೊದಲ ಮಳೆ ಬಿದ್ದ ಹಾಗಿತ್ತು ವಾಸನೆ. ತಲೆಯೆತ್ತಿ ನೋಡಿದರೆ ಬದುವಿನಾಚೆ ಅವನದೇ ಹೊಲ, ವರ್ಷವರ್ಷ ಸೀಮೆಗೊಬ್ಬರ ಉಂಡು ಬಿರುಕುಬಿಟ್ಟು, ಬಿಸಿಲಿಗೆ ಬಿಳಿಚಿಕೊಂಡು ಮಲಗಿತ್ತು.

“ಆಕ್ಲಾ ರಾಮಣ್ಣ, ಜನ ಕಾಯ್ತಾವ್ರೆ,” ಹಿಂದಿನವನು ಅಂದ.

ರಾಮಣ್ಣನ ಮುಷ್ಟಿ ತೆರೆಯಲಿಲ್ಲ. ಅವನ ಹಿಂದೆ ಬರಿಗಾಲಿನ ಸಾಲು ರಸ್ತೆಯವರೆಗೂ ನಿಂತಿತ್ತು.